ರಾಮಾಂಜಿನಯ್ಯನ ಬೋಟಿನಲ್ಲಿ ನಾಯಿಕೊಡೆ

ಹೆಬ್ಬೂರಿನಿಂದ ಕುಣಿಗಲ್ ಕಡೆಗೆ ಹೋಗುವ ಬಸ್ಸಿನಲ್ಲಿ ಎಡಗಡೆ ಕೂತರೆ ನಮ್ಮ ಹೊನ್ನಿಕೆರೆಯ ಏರಿ ಒಂದು ಗಳಿಗೆ ಕಂಡು ಮರೆಯಾಗುತ್ತದೆ. ನೀರು ನೋಡಬೇಕಾದರೆ ಬಸ್ಸಿಳಿದು, ಊರು ಹಾದು, ನನ್ನ ತೆಂಗಿನ ತೋಟದ ಬದುವಿನ ಮೇಲೆ ನಡೆದು ಬರಬೇಕು. ತೋಟ ಮುಗಿದಲ್ಲಿ ಕೆರೆ ಶುರು. ಎದುರು ದಡದಲ್ಲಿ ದಿಣ್ಣೆಪಾಳ್ಯ, ಅರವತ್ತು ಮನೆ. ಆ ಊರಿನವರಿಗೆ ಹಾಲಿನ ಡೇರಿ ಬೇಕೆಂದರೂ ನಮ್ಮೂರು, ಬಸ್ಸು ಬೇಕೆಂದರೂ ನಮ್ಮೂರು. ರಸ್ತೆಯಲ್ಲಿ ಬಂದರೆ ಕೆರೆ ಸುತ್ತಿ ಹನ್ನೊಂದು ಕಿಲೋಮೀಟರು. ದೋಣಿಯಲ್ಲಿ ಬಂದರೆ ಒಂದು ಸಲ ಎಲೆಅಡಿಕೆ ಹಾಕಿಕೊಂಡು ಅಗಿದು ಉಗಿಯುವಷ್ಟು ಹೊತ್ತು.

ಆ ಜನರನ್ನು ಮೂವತ್ತೊಂಬತ್ತು ವರ್ಷ ದಾಟಿಸಿದವನು ರಾಮಾಂಜಿನಯ್ಯ. ಅವನ ಅಪ್ಪನೂ ಅದೇ ಕೆಲಸ ಮಾಡಿದವನು, ತಾತನೂ ಅದೇ. ನನಗಿಂತ ಏಳೆಂಟು ವರ್ಷ ಚಿಕ್ಕವನು. ಆಳು ಕುಳ್ಳ, ಭುಜ ಮಾತ್ರ ಎತ್ತಿನದು. ಮಾತು ಕಡಿಮೆ. ದೋಣಿ ಹತ್ತುವಾಗ ಯಾರಾದರೂ ತಮಾಷೆ ಮಾಡಿದರೆ, ಅವರು ಆ ದಡದಲ್ಲಿ ಇಳಿಯುವ ಹೊತ್ತಿಗೆ ಉತ್ತರ ಕೊಡುತ್ತಿದ್ದ. ಅಷ್ಟು ನಿಧಾನ.

ಅವನ ಹಳೆಯ ದೋಣಿ ಮರದ್ದು. ಹಲಗೆಗೆ ಹಲಗೆ ಕೂಡಿಸಿ, ಸಂದಿಗೆ ಹತ್ತಿ ತುರುಕಿ, ಮೇಲೆ ಗುಗ್ಗಳದ ಅಂಟು ಬಳಿದದ್ದು. ಮರದ ದೋಣಿಯ ಗುಟ್ಟು ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಹಲಗೆ ನೀರು ಕುಡಿದು ಊದಿಕೊಂಡರೆ ಸಂದು ತಾನಾಗಿ ಮುಚ್ಚಿಕೊಳ್ಳುತ್ತದೆ. ಬಿಸಿಲಿಗೆ ಒಣಗಿದರೆ ಹಲಗೆ ಕುಗ್ಗಿ ಸಂದು ಬಾಯಿಬಿಡುತ್ತದೆ, ಆಮೇಲೆ ನೀರಿಗಿಳಿಸಿದರೆ ಒಳಗೆ ಕೂತವರ ಪಾದ ಮುಳುಗುತ್ತದೆ. ಆದ್ದರಿಂದ ಹೊರಗಡೆ ಕೆರೆಯ ನೀರಿದ್ದರೆ ಸಾಲದು, ಒಳಗಡೆಯೂ ತೇವ ಇರಬೇಕು. ದಿನಾ ಬೆಳಗ್ಗೆ ರಾಮಾಂಜಿನಯ್ಯ ತನ್ನ ಮುಖಕ್ಕೆ ನೀರು ಹಾಕಿಕೊಳ್ಳುವ ಮೊದಲು ದೋಣಿಗೆ ನೀರು ಹಾಕುತ್ತಿದ್ದ. ಮೊದಲ ಬಿಂದಿಗೆ ಗಂಗಮ್ಮನ ಹೆಸರಿಗೆ, ಮುಂಭಾಗದಲ್ಲಿ ಒಂದು ಹೂವಿಟ್ಟು. ಎರಡನೆಯದು ನಡುವಿಗೆ. ಮೂರನೆಯದು ಹಿಂಭಾಗಕ್ಕೆ. ಮಧ್ಯಾಹ್ನ ಜನ ಇಲ್ಲದ ಹೊತ್ತಿನಲ್ಲಿ ಗೋಣಿಚೀಲ ನೆನೆಸಿ ಹಲಗೆಯ ಮೇಲೆ ಹಾಸುತ್ತಿದ್ದ. ಸಾಯುವಾಗ ಅವನ ಅಪ್ಪ ಹೊಲ ಮನೆಯ ಮಾತಾಡಲಿಲ್ಲವಂತೆ. "ದೋಣಿಗೆ ಬಾಯಾರ್ಸ್‌ಬ್ಯಾಡ ಕಣ್ಲಾ" ಎಂದಷ್ಟೇ ಹೇಳಿದನಂತೆ.

ನಡುವೆ ನಾಲ್ಕು ವರ್ಷ ಕೆರೆ ಪೂರ್ತಿ ಬತ್ತಿತ್ತು. ದಿಣ್ಣೆಪಾಳ್ಯದವರು ಕೆರೆ ಅಂಗಳದಲ್ಲೇ ನಡೆದು ಬರುತ್ತಿದ್ದರು. ದೋಣಿಗೆ ಕೆಲಸವಿಲ್ಲ. ಆ ನಾಲ್ಕು ವರ್ಷವೂ ರಾಮಾಂಜಿನಯ್ಯ ನನ್ನ ತೋಟದ ಬೋರ್‌ವೆಲ್ಲಿನಿಂದ ದಿನಕ್ಕೆ ಮೂರು ಬಿಂದಿಗೆ ಹೊತ್ತು, ನೆಲದ ಮೇಲೆ ಮಲಗಿದ್ದ ದೋಣಿಗೆ ಸುರಿದ. ಜನ ನಕ್ಕರು. ಹೇಮಾವತಿ ನೀರು ಬಂದು ಕೆರೆ ತುಂಬಿದ ದಿನ ಆ ದೋಣಿ ಒಂದು ತೊಟ್ಟು ಸೋರದೆ ತೇಲಿತು. ನಕ್ಕವರೇ ಮೊದಲು ಹತ್ತಿ ಕೂತರು. ಅವತ್ತಿನಿಂದ ಆ ಬಿಂದಿಗೆಯ ಬಗ್ಗೆ ನಮ್ಮಲ್ಲಿ ಯಾರೂ ಚಕಾರ ಎತ್ತಿದ್ದಿಲ್ಲ. ನಾನಂತೂ ಬಂದವರಿಗೆಲ್ಲ ತೋರಿಸಿ, ಕೆಲಸ ಅಂದರೆ ಹೀಗಿರಬೇಕು ಎಂದು ಹೇಳುತ್ತಿದ್ದೆ.

ಮೂರು ವರ್ಷದ ಕೆಳಗೆ, ಜನ ದಾಟಿಸುವ ಮರದ ದೋಣಿಗೆ ಇನ್ನು ಪರ್ಮಿಷನ್ನು ಕೊಡಲಾಗದು ಎಂದು ಕಚೇರಿಯಿಂದ ಕಾಗದ ಬಂತು. ಊರಿನವರು ಅಲ್ಲಿ ಇಲ್ಲಿ ಕೈಕಾಲು ಹಿಡಿದ ಮೇಲೆ ತುಮಕೂರಿನ ಲಕ್ಷ್ಮೀಕಾಂತ್ ಎಂಬುವರು ಒಂದು ಬೋಟು ದಾನ ಕೊಟ್ಟರು. ಅವರು ಯಾವುದೋ ರೆಸಾರ್ಟಿಗೆಂದು ತರಿಸಿದ್ದು, ರೆಸಾರ್ಟು ನಡೆಯಲಿಲ್ಲ, ಬೋಟು ಶೆಡ್ಡಿನಲ್ಲಿ ಕೂತಿತ್ತು. ಮೈ ಫೈಬರಿನದು. ಹಿಂದೆ ಮೋಟಾರು. ಒಳಗೆ ಪ್ಲೈವುಡ್ಡಿನ ನೆಲ, ಅದರ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಅಂಟಿಸಿದ ಹಸಿರು ಕಾರ್ಪೆಟ್ಟು. ಕೈಯಾಡಿಸಿದರೆ ಗರಿಕೆ ಸವರಿದ ಹಾಗೆ. ರಾಮಾಂಜಿನಯ್ಯ ಅದನ್ನು ಜಮಖಾನ ಎನ್ನುತ್ತಿದ್ದ. ಅದು ಬಂದ ದಿನದಿಂದ ಎಲ್ಲರೂ ಚಪ್ಪಲಿ ಬಿಟ್ಟು ಹತ್ತಬೇಕು ಎಂದು ಕಟ್ಟು ಮಾಡಿದ. ಹಾಲಿನ ಕ್ಯಾನಿನ ಅಡಿಗೆ ಗೋಣಿ ತುಂಡು ಹಾಕಿಸಿದ.

ಹಳೆಯ ದೋಣಿಯನ್ನು ಒಡೆದು ಹಾಕಿದರೆ ಮಾತ್ರ ಹೊಸದಕ್ಕೆ ಪರ್ಮಿಷನ್ನು ಎಂದಿದ್ದರು. ಒಡೆದ. ಬೇರೆ ಯಾರನ್ನೂ ಮುಟ್ಟಗೊಡದೆ ತಾನೇ ಒಡೆದ. ಹಲಗೆಗಳು ಯಾರಾರದೋ ಬಚ್ಚಲೊಲೆಗೆ ಹೋದವು.

ಮಾರನೆಯ ಬೆಳಗ್ಗೆ ನಾನು ತೋಟಕ್ಕೆ ನೀರು ಬಿಡಲು ಹೋದಾಗ ರಾಮಾಂಜಿನಯ್ಯ ಹೊಸ ಬೋಟಿನ ಮುಂದೆ ಬಿಂದಿಗೆ ಹಿಡಿದು ನಿಂತಿದ್ದ. ಹೂವಿಟ್ಟ. ಮೊದಲ ಬಿಂದಿಗೆ ಮುಂಭಾಗಕ್ಕೆ ಸುರಿದ, ಎರಡನೆಯದು ನಡುವಿಗೆ, ಮೂರನೆಯದು ಹಿಂದಕ್ಕೆ. ಕಾರ್ಪೆಟ್ಟು ನೀರನ್ನು ಸದ್ದಿಲ್ಲದೆ ಕುಡಿಯಿತು.

"ನೋಡಣ್ಣ, ಒಂದು ತೊಟ್ಟು ಹೊರಗೆ ಬರ್ಲಿಲ್ಲ" ಎಂದ.

"ದಾಹ ಇತ್ತು ಅಂತ ಕಾಣ್ತದೆ" ಎಂದೆ ನಾನು.

ಎರಡು ಮಳೆಗಾಲ ಹೀಗೇ ನಡೆಯಿತು.

ಹೋದ ವರ್ಷದ ಆಷಾಢ. ಮಳೆ ಅಂದರೆ ಮಳೆ ಅಲ್ಲ, ದಿನವಿಡೀ ಜುಮುರು. ಬಿಸಿಲು ಮುಖ ತೋರಿಸಿ ವಾರವಾಗಿತ್ತು. ದಿಣ್ಣೆಪಾಳ್ಯದ ಕರಿಬಸಮ್ಮ ಹಾಲಿನ ಕ್ಯಾನು ಇಳಿಸಲು ಬಗ್ಗಿದವಳು ಹಾಗೇ ನಿಂತಳು. ಬೋಟಿನ ಮೂಲೆಯಲ್ಲಿ, ಹಸಿರು ಕಾರ್ಪೆಟ್ಟಿನ ಮೇಲೆ ಐದು ನಾಯಿಕೊಡೆ. ಬಿಳಿ ಕಾಲು, ಕಂದು ತಲೆ, ಅಂಗಿ ಗುಂಡಿಯಷ್ಟಗಲ.

"ರಾಮಾಂಜಿನಣ್ಣ, ಪೈರು ಚೆನ್ನಾಗ್ ಬಂದೈತೆ" ಎಂದಳು. "ನಾಟಿ ಮಾಡಿದ್ಯಾ, ಬಿತ್ತಿದ್ಯಾ?"

ಹೆಂಗಸರೆಲ್ಲ ನಕ್ಕರು. ಅವನು ಬಗ್ಗಿ ಐದನ್ನೂ ಕಿತ್ತು ಕೆರೆಗೆ ಎಸೆದ. ವಾಪಸ್ಸು ಆ ದಡ ಮುಟ್ಟಿದ ಮೇಲೆ, "ನಿನ್ ಹಾಲಿನ ನೀರು ಚೆಲ್ಲಿ ಹುಟ್ಟೈತೆ, ಅದ್ಕೇ ಅಷ್ಟು ತೆಳ್ಳಗವೆ" ಎಂದ. ಕರಿಬಸಮ್ಮ ಈ ಮಾತನ್ನು ಅವತ್ತೆಲ್ಲ ಹೇಳಿಕೊಂಡು ನಕ್ಕಳು.

ಮರುದಿನ ಐದಿದ್ದ ಜಾಗದಲ್ಲಿ ಹನ್ನೆರಡು. ಅದರ ಮರುದಿನ ಸೀಟಿನ ಅಡಿಯ ಉದ್ದಕ್ಕೂ ಸಾಲು. ನಗು ನಿಂತಿತು. ಒಂದು ಮಗು ಕಿತ್ತು ಬಾಯಿಗೆ ಹಾಕಿಕೊಳ್ಳಲು ಹೋಗಿ ಅದರ ತಾಯಿ ಕಿರುಚಿದಳು. ಸಿದ್ದಗಂಗೆಯ ಹಾಸ್ಟೆಲಿನಲ್ಲಿರುವ ಮೊಮ್ಮಗನನ್ನು ನೋಡಲು ಹೊರಟಿದ್ದ ಒಬ್ಬ ಅಜ್ಜ, ಒಳ್ಳೆಯದಕ್ಕೆ ಹೊರಟಾಗ ಇದೇನು ಅಪಶಕುನ ಎಂದು ಕಾಲು ಹಿಂದಕ್ಕೆಳೆದುಕೊಂಡ. ಬೋಟಿನೊಳಗೆ ಒಂದು ವಾಸನೆ ಸೇರಿಕೊಂಡಿತ್ತು. ಹಳೆಯ ಹುಲ್ಲಿನ ಬಣವೆಯ ಬುಡ ಎತ್ತಿದಾಗ ಬರುವ ವಾಸನೆ.

ಆ ಹೊತ್ತಿಗೆ ಸರಿಯಾಗಿ ಕಾಗದ ಬಂತು. ವರ್ಷಕ್ಕೊಮ್ಮೆ ಬೋಟು ನೋಡಿ ಪರ್ಮಿಷನ್ನು ಮುಂದುವರಿಸಬೇಕು, ಇಂಜಿನಿಯರು ಮುಂದಿನ ಸೋಮವಾರದ ಆಚೆ ಸೋಮವಾರ ಬರುತ್ತಾರೆ ಎಂದು. ರಾಮಾಂಜಿನಯ್ಯನಿಗೆ ಓದು ಬರದು. ನಾನೇ ಓದಿದೆ. ನಾನೂ ಶಾಲೆಗೆ ಹೋದವನಲ್ಲ, ಬಸ್ಸಿನ ಬೋರ್ಡು, ಗೊಬ್ಬರದ ಚೀಲ, ಬೀಡಿ ಕಟ್ಟು, ಹೀಗೆ ಸಿಕ್ಕಿದ್ದರ ಮೇಲೆ ಅಕ್ಷರ ಕಲಿತವನು. ಆದರೆ ಕಲಿತದ್ದನ್ನು ಗಟ್ಟಿಯಾಗಿ ಕಲಿತಿದ್ದೇನೆ.

"ಪಾಸ್ ಮಾಡ್ಲಿಲ್ಲ ಅಂದ್ರೆ?" ಎಂದು ಕೇಳಿದ.

"ಬೋಟು ನಿಲ್ಲಿಸ್ತಾರೆ."

"ಬೇರೆ ಕೊಡ್ತಾರಾ?"

ಒಂದು ಕೊಡಿಸಲು ಊರು ಪಟ್ಟ ಪಾಡು ಇಬ್ಬರಿಗೂ ಗೊತ್ತಿತ್ತು. ಹಳೆಯ ದೋಣಿಯಂತೂ ಬೂದಿಯಾಗಿತ್ತು.

"ಹದಿನೈದು ದಿನ ಐತಲ್ಲ" ಎಂದ. "ನಾಯಿಕೊಡೆ ತಾನೇ. ಹುಲಿ ಏನಲ್ಲ."

ಮೊದಲು ಕೈಯಲ್ಲೇ ಕಿತ್ತ. ಬೆಳಗ್ಗೆ ಕಿತ್ತರೆ ಸಂಜೆಗೆ ಬುಡದಲ್ಲಿ ಬಿಳಿ ಗುಬುಟು, ಮಾರನೆಯ ಬೆಳಗ್ಗೆ ತಲೆ. ಕುಡುಗೋಲಿನ ತುದಿಯಿಂದ ಕೆರೆದ. ಕಾರ್ಪೆಟ್ಟಿನ ಕೂದಲು ಕಿತ್ತು ಬಂತೇ ಹೊರತು ಬೇರು ಸಿಗಲಿಲ್ಲ. ಅವನ ಹೆಂಡತಿ ಕದರಮ್ಮ ಹಂಡೆಯಲ್ಲಿ ಉಪ್ಪು ಹಾಕಿ ನೀರು ಕುದಿಸಿಕೊಟ್ಟಳು. ಸುಡುಸುಡುವ ಉಪ್ಪುನೀರನ್ನು ಹತ್ತು ಬಿಂದಿಗೆ ಸುರಿದ. ಎರಡು ದಿನ ಏನೂ ಏಳಲಿಲ್ಲ. ಗೆದ್ದೆವು ಎಂದುಕೊಂಡೆವು. ಮೂರನೆಯ ದಿನ ಉಪ್ಪು ಬೀಳದ ಇನ್ನೊಂದು ಮೂಲೆಯಲ್ಲಿ ಹಿಡಿ ತುಂಬ ಎದ್ದವು, ಈ ಸಲ ಬೂದು ಬಣ್ಣದವು.

ಒಲೆಯ ಬೂದಿ ಹಾಕಿದ. ಬೇವಿನೆಣ್ಣೆ ಹಾಕಿದ. ಬೇವಿನೆಣ್ಣೆಯ ಮೇಲೆ ಕೂತವರ ಸೀರೆ ಪಂಚೆಗೆಲ್ಲ ಕಲೆಯಾಗಿ ಮಾತು ಕೇಳಿಸಿಕೊಂಡ.

ಮೈಲುತುತ್ತ ಹಾಕೋಣ ಎಂದು ಹೇಳಿದವನು ನಾನು. ಅಡಿಕೆಗೆ ಕೊಳೆ ಬಂದರೆ ಮೈಲುತುತ್ತಕ್ಕೆ ಸುಣ್ಣ ಕೂಡಿಸಿ ಹೊಡೆಯುತ್ತಾರೆ. ಅಣಬೆಯೂ ಕೊಳೆಯ ಜಾತಿಯದ್ದೇ ಎಂದು ನಾನು ಎಲ್ಲೋ ಓದಿದ್ದೆ. ಗುಬ್ಬಿ ಸಂತೆಗೆ ಹೋಗಿ ಕೊಂಡುಕೊಂಡು ಬಂದೆ. ನಾನೇ ಅಳತೆ ನೋಡಿ ಕಲಸಿದೆ, ಅವನು ಪೊರಕೆಯಲ್ಲಿ ಕಾರ್ಪೆಟ್ಟಿಗೆ ಉಜ್ಜಿದ. ಹಸಿರು ಹೋಗಿ ನೀಲಿಯಾಯಿತು. ಇದ್ದ ನಾಯಿಕೊಡೆಗಳೆಲ್ಲ ತಲೆ ಬಗ್ಗಿಸಿ ಕರಗಿ ಕಪ್ಪು ನೀರಾದವು. ನನಗೆ ಹೆಮ್ಮೆಯಾಯಿತು. ಸುಳ್ಳು ಯಾಕೆ ಹೇಳಲಿ, ಡೇರಿಯ ಮುಂದೆ ನಿಂತು ನಾಲ್ಕು ಜನಕ್ಕೆ ಹೇಳಿದೆ.

ಇಷ್ಟೆಲ್ಲ ನಡೆಯುವಾಗಲೂ ಬೆಳಗಿನ ಮೂರು ಬಿಂದಿಗೆ ತಪ್ಪಲಿಲ್ಲ. ಮಧ್ಯಾಹ್ನದ ಒದ್ದೆ ಗೋಣಿಯೂ ತಪ್ಪಲಿಲ್ಲ. ರಾಮಾಂಜಿನಯ್ಯನ ಲೆಕ್ಕದಲ್ಲಿ ಬೋಟಿಗೆ ಕಾಯಿಲೆ ಬಂದಿತ್ತು, ಕಾಯಿಲೆಯವರಿಗೆ ನೀರು ತಪ್ಪಿಸಬಾರದು. ನಾನು ಬದುವಿನ ಮೇಲೆ ನಿಂತು ದಿನಾ ನೋಡುತ್ತಿದ್ದೆ. ನೋಡಿಯೂ ನನ್ನ ತಲೆಗೆ ಏನೂ ಹೊಳೆಯಲಿಲ್ಲ.

ಶುಕ್ರವಾರ ಬೆಳಗ್ಗೆ ಅವನು ತೋಟದೊಳಗೆ ಬಂದು, "ಅಣ್ಣ, ಬಂದು ನೋಡು" ಎಂದ. ಬೋಟಿನ ನಟ್ಟನಡುವೆ, ಜನ ಕಾಲಿಡುವ ಕಡೆ, ಅಂಗೈ ಅಗಲದ ಒಂದು ನಾಯಿಕೊಡೆ ಕಾರ್ಪೆಟ್ಟನ್ನೇ ಸೀಳಿಕೊಂಡು ಎದ್ದಿತ್ತು. ಅದರ ಸುತ್ತ ಮರಿಗಳು. ನಾನು ಬಳಿಸಿದ ನೀಲಿ ಅದರ ತಲೆಯ ಮೇಲೂ ಇತ್ತು.

ರಾಮಾಂಜಿನಯ್ಯ ದಡದ ಕಲ್ಲಿನ ಮೇಲೆ ಕೂತ. "ನನ್ ಕೈಲಾಗಲ್ಲ ಕಣಣ್ಣ" ಎಂದ. ಮೂವತ್ತೊಂಬತ್ತು ವರ್ಷದಲ್ಲಿ ಈ ಮಾತನ್ನು ಅವನ ಬಾಯಲ್ಲಿ ನಾನು ಕೇಳಿರಲಿಲ್ಲ.

ಕ್ಯಾತ್ಸಂದ್ರದಲ್ಲಿ ಹೈವೇ ಪಕ್ಕ ಗಂಗಾಧರ್ ಎಂಬುವನ ಅಂಗಡಿಯಿದೆ. ಕಾರಿಗೆ, ಮಿನಿಬಸ್ಸಿಗೆ, ಕಲ್ಯಾಣಮಂಟಪಕ್ಕೆ ಮ್ಯಾಟು ಕಾರ್ಪೆಟ್ಟು ಹಾಕುವವನು. ಶನಿವಾರ ಬೆಳಗಿನ ಬಸ್ಸಿಗೆ ಇಬ್ಬರೂ ಹೋದೆವು. ರಾಮಾಂಜಿನಯ್ಯ ಕಾರ್ಪೆಟ್ಟಿನ ಒಂದು ಅಂಗುಲ ತುಂಡನ್ನೂ ಎರಡು ನಾಯಿಕೊಡೆಯನ್ನೂ ಎಕ್ಕದೆಲೆಯಲ್ಲಿ ಸುತ್ತಿ ತಂದಿದ್ದ, ಡಾಕ್ಟರಿಗೆ ತೋರಿಸಲು ತರುವ ಹಾಗೆ. ಇಳಿದ ಮೇಲೆ ತಟ್ಟೆ ಇಡ್ಲಿ ತಿನ್ನೋಣ ಬಾ ಎಂದರೆ ಬೇಡ ಎಂದ.

ಗಂಗಾಧರ್ ತುಂಡನ್ನು ಹಿಂಡಿ ನೋಡಿದ. ಮೂಸಿದ. "ಯಜಮಾನ್ರೆ, ಇದು ಮೇಲಿನ ಕಾಯಿಲೆ ಅಲ್ಲ. ಕೆಳಗೆ ಪ್ಲೈವುಡ್ ಇರತ್ತಲ್ಲ, ಅದು ತಿಂತಾ ಇರೋದು. ಮೇಲೆ ನೀವು ಏನ್ ಹಾಕಿದ್ರೂ ಅದಕ್ಕೆ ಮುಟ್ಟಲ್ಲ. ಬೋಟಲ್ಲಿ ನೀರು ನಿಲ್ತದಾ?"

"ನಿಲ್ಲಲ್ಲ. ತೊಟ್ಟು ಸೋರಲ್ಲ" ಎಂದ ರಾಮಾಂಜಿನಯ್ಯ.

"ಮಳೆಗೆ ಮುಚ್ಚಿಡ್ತೀರಾ?"

"ಟಾರ್ಪಾಲ್ ಹಾಕ್ತೀನಿ. ಒಂದಿನಾನೂ ಬಿಟ್ಟಿಲ್ಲ."

"ಮತ್ತೆ ಇಷ್ಟು ನೀರು ಎಲ್ಲಿಂದ ಬಂತು? ಇದು ಒಂದು ದಿನದ ತೇವ ಅಲ್ಲ. ವರ್ಷಗಟ್ಲೆ ಕುಡಿದೈತೆ."

ರಾಮಾಂಜಿನಯ್ಯನ ಮುಖ ಸ್ವಲ್ಪ ಅರಳಿತು. ಕೊನೆಗೂ ತನ್ನ ಕೆಲಸದ ಬಗ್ಗೆ ಒಬ್ಬ ಸರಿಯಾದದ್ದು ಕೇಳಿದನಲ್ಲ ಎಂದು. "ಅದು ನಾನ್ ಹಾಕೋದು. ದಿನಾ ಬೆಳಗ್ಗೆ ಮೂರ್ ಬಿಂದಿಗೆ. ಮದ್ಯಾನ ಒದ್ದೆ ಗೋಣಿ. ಎರಡ್ ವರ್ಷದಾಗೆ ಒಂದಿನ ಒಣಗೋಕೆ ಬಿಟ್ಟಿಲ್ಲ, ಬೇಕಾದ್ರೆ ಅಣ್ಣನ್ ಕೇಳು."

ಗಂಗಾಧರ್ ನನ್ನ ಮುಖ ನೋಡಿದ. ನಾನು ಹೌದೆಂದು ತಲೆಯಾಡಿಸುವವನು, ಅರ್ಧಕ್ಕೇ ನಿಂತೆ. ಆಗ ನನಗೆ ಗೊತ್ತಾಯಿತು. ರಾಮಾಂಜಿನಯ್ಯನಿಗೆ ಇನ್ನೂ ಗೊತ್ತಾಗಿರಲಿಲ್ಲ. ಅವನು ನಮ್ಮಿಬ್ಬರನ್ನೂ ಒಬ್ಬರಾದ ಮೇಲೊಬ್ಬರನ್ನು ನೋಡುತ್ತಿದ್ದ.

ಗಂಗಾಧರ್ ಒಳ್ಳೆಯವನು. ದನಿ ತಗ್ಗಿಸಿ ಹೇಳಿದ. "ಅದು ಫೈಬರ್ ಬೋಟು ಯಜಮಾನ್ರೆ. ಅದರಲ್ಲಿ ಸಂದೇ ಇಲ್ಲ, ಮುಚ್ಕೊಳ್ಳೋಕೆ. ಹೊರಗಡೆ ನೀರಿದ್ರೆ ಸಾಕು. ಒಳಗೆ ಎಷ್ಟು ಒಣಗಿರತ್ತೋ ಅಷ್ಟು ಆಯಸ್ಸು."

ರಾಮಾಂಜಿನಯ್ಯ ಎಕ್ಕದೆಲೆಯನ್ನು ಮತ್ತೆ ಮಡಿಸಿ ಜೇಬಿಗಿಟ್ಟುಕೊಂಡ. ಹೆಬ್ಬೂರು ದಾಟಿದ ಮೇಲೆ, "ಹಾಗಾದ್ರೆ ನಾನೇ" ಎಂದ. ನಾನು ಕಿಟಕಿಯಾಚೆ ನೋಡಿದೆ.

ಭಾನುವಾರ ಗಂಗಾಧರ್ ತನ್ನ ಸಾಮಾನು ಹಿಡಿದು ತಾನಾಗೇ ಬಂದ. ದಿಣ್ಣೆಪಾಳ್ಯದ ಬೆಳಗಿನ ಹಾಲು ಇಳಿಸಿ, ಸಂಜೆಯ ತನಕ ಬರಬೇಡಿ ಎಂದು ಅವರಿಗೆ ಹೇಳಿ, ಬೋಟನ್ನು ದಡಕ್ಕೆ ಎಳೆದೆವು. ಅವತ್ತು ಬಿಂದಿಗೆ ಇರಲಿಲ್ಲ. ಹೂವು ಮಾತ್ರ ಇತ್ತು.

ಗಂಗಾಧರ್ ಚೂಪು ಚಾಕುವಿನಿಂದ ಅಂಚು ಬಿಡಿಸಿ ಕಾರ್ಪೆಟ್ಟನ್ನು ಎಳೆದ. ಅದು ಹರಿಯುವ ಸದ್ದಿಗಿಂತ ಹೆಚ್ಚಾಗಿ ನೀರು ಬಿಡುವ ಸದ್ದು ಬಂತು. ಅಡಿಯಲ್ಲಿ ಬಿಳಿ ದಾರದಂಥದ್ದು, ಜೇಡರ ಬಲೆಯ ಹಾಗೆ, ನೆಲದ ಪೂರ್ತಿ ಹರಡಿತ್ತು. ಗಂಗಾಧರ್ ಸ್ಕ್ರೂ ಡ್ರೈವರಿನಿಂದ ಪ್ಲೈವುಡ್ಡನ್ನು ಒತ್ತಿದ. ಹಿಡಿಯ ತನಕ ಒಳಗೆ ಹೋಯಿತು. ರಾಮಾಂಜಿನಯ್ಯ ಬಗ್ಗಿ ಕೈ ಹಾಕಿದ. ಮುಷ್ಟಿ ತುಂಬ ಬಂದದ್ದು ಮರವಲ್ಲ, ಗಾಣದಿಂದ ಹೊರಗೆ ಬಿದ್ದ ಕಬ್ಬಿನ ಸಿಪ್ಪೆ ಮಳೆಗೆ ಕೊಳೆತರೆ ಹೇಗಿರುತ್ತದೋ ಹಾಗೆ. ಹಿಂಡಿದ. ನೀರಿಳಿಯಿತು. ಮೋಟಾರು ಕೂರಿಸಿದ್ದ ಹಿಂಬದಿಯ ಹಲಗೆಯೂ ಹಾಗೇ ಆಗಿತ್ತು, ನಾಲ್ಕು ಬೋಲ್ಟು ಗಾಳಿಯಲ್ಲಿ ನಿಂತ ಹಾಗೆ ನಿಂತಿದ್ದವು.

"ಇದನ್ನೆಲ್ಲ ತೆಗೆದು ಹೊಸ ನೆಲ ಹಾಕ್ಬಹುದಾ?" ಎಂದು ನಾನು ಕೇಳಿದೆ.

"ಒಳಗಿನ ಪಕ್ಕೆಲುಬೂ ಮರದ್ದೇ, ಅದೂ ಹೋಗಿದೆ. ಹೊಸ ಬೋಟು ತಗೊಂಡಂಗೆ" ಎಂದ ಗಂಗಾಧರ್. ಆಮೇಲೆ ಸ್ವಲ್ಪ ತಡೆದು ಅಂದ: "ಒಂದು ಮಾತು. ನನ್ ಹತ್ರ ಹಳೇ ಮ್ಯಾಟು ಐತೆ, ಹಸಿರೇ. ಒಂದು ತೆಳ್ಳಗಿನ ಶೀಟ್ ಹೊಡೆದು ಅದರ ಮೇಲೆ ಅಂಟಿಸಿಬಿಡ್ತೀನಿ. ನಾಳೆ ಬಂದವ್ರು ಕಾರ್ಪೆಟ್ ಎತ್ತಿ ನೋಡಲ್ಲ. ಒಂದು ವರ್ಷ ಸಿಕ್ತದೆ. ಅಷ್ಟರೊಳಗೆ ಏನಾದ್ರೂ ನೋಡ್ಕೊಳ್ಳಿ."

ಕದರಮ್ಮ ಅಲ್ಲೇ ನಿಂತಿದ್ದಳು. "ಹಾಕುಸ್ಕೊ" ಎಂದಳು. "ನೀನು ಯಾರ್ ಮನೇದೂ ಕದ್ದಿಲ್ಲ. ಒಂದ್ ವರ್ಷ ಅಂದ್ರೆ ಒಂದ್ ವರ್ಷ. ದೋಣಿ ಇಲ್ದಿದ್ರೆ ನೀನು ಮನೇಲಿ ಕೂತು ಏನ್ ಮಾಡ್ತೀಯ, ನನ್ ಮುಖ ನೋಡ್ಕೊಂಡು?"

ನಾನೂ ಹಾಕಿಸಿಕೋ ಎಂದೆ. ಹೇಳಿದ್ದನ್ನು ಮುಚ್ಚಿಡುವುದಿಲ್ಲ.

ರಾಮಾಂಜಿನಯ್ಯ ಬೋಟಿನೊಳಗೆ ಕಾಲಿಟ್ಟ. ಕರಿಬಸಮ್ಮ ದಿನಾ ಕ್ಯಾನು ಇಟ್ಟುಕೊಂಡು ಕೂರುವ ಜಾಗದಲ್ಲಿ ನಿಂತು, ಹಿಮ್ಮಡಿಯಿಂದ ಒಮ್ಮೆ ಒತ್ತಿದ. ಕಾಲು ಕಣಕಾಲಿನವರೆಗೆ ಇಳಿಯಿತು. ಎಳೆದುಕೊಂಡ.

"ನಡುನೀರಲ್ಲಿ ಮೋಟಾರು ಕಿತ್ಕೊಂಡ್ ಹೋದ್ರೆ?" ಎಂದ.

ಕದರಮ್ಮ ಆ ನಾಲ್ಕು ಬೋಲ್ಟಿನ ಕಡೆ ನೋಡಿದಳು.

"ಒಬ್ರೂ ಬಿದ್ದಿಲ್ಲ ಕಣೇ. ನಮ್ಮಪ್ಪನ ಕಾಲದಾಗೂ ಬಿದ್ದಿಲ್ಲ" ಎಂದು ಹೆಂಡತಿಗೆ ಹೇಳಿದ. ಗಂಗಾಧರ್ ಸಾಮಾನು ಕಟ್ಟಿಕೊಂಡ. ದಾರಿ ಖರ್ಚು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಸಂಜೆ ಆ ದಡದಲ್ಲಿ ಬಂದು ನಿಂತವರಿಗೆ ರಾಮಾಂಜಿನಯ್ಯ ಈ ದಡದಿಂದ ಕೈ ಬೀಸಿ, ಇಲ್ಲ ಎಂದು ತೋರಿಸಿದ. ಏನೋ ಮೋಟಾರು ಕೆಟ್ಟಿದೆ ಎಂದುಕೊಂಡು ಅವರು ಹಿಂದಿರುಗಿದರು.

ಸೋಮವಾರ ಹನ್ನೊಂದು ಗಂಟೆಗೆ ಇಂಜಿನಿಯರು ಬಂದರು. ಇನ್ನೂ ಚಿಕ್ಕ ವಯಸ್ಸು, ಮೃದು ಮಾತು. ದಡದ ಮೇಲೆ ಬಿದ್ದಿದ್ದ ಕಾರ್ಪೆಟ್ಟಿನ ಸುರುಳಿ, ಅದರ ಮಡಿಕೆಯಲ್ಲಿ ಆಗಲೇ ಎದ್ದಿದ್ದ ಹೊಸ ಬೆಳೆ, ಬೋಟಿನ ಒಳಗಿನ ಗತಿ, ಎಲ್ಲ ನೋಡಿದರು. ನೋಡಲು ಎರಡು ನಿಮಿಷವೂ ಬೇಕಾಗಲಿಲ್ಲ.

"ಇದನ್ನ ನೀರಿಗೆ ಇಳಿಸೋ ಹಾಗಿಲ್ಲ" ಎಂದರು. ಕೈಚೀಲದಿಂದ ಫಾರಂ ತೆಗೆದು ಬೋಟಿನ ಅಂಚಿನ ಮೇಲೆ ಇಟ್ಟುಕೊಂಡು ಬರೆಯತೊಡಗಿದರು. ನಾನು ಹೆಗಲ ಮೇಲಿಂದ ಓದುತ್ತಿದ್ದೆ. ಹಾಳಾಗಲು ಕಾರಣ ಎಂಬಲ್ಲಿ ಅವರು ನಿರ್ಲಕ್ಷ್ಯ ಎಂಬುದಕ್ಕೆ ಗುರುತು ಹಾಕಲು ಪೆನ್ನು ಇಟ್ಟರು.

"ನಿರ್ಲಕ್ಷ್ಯ ಅಲ್ಲ ಸಾರ್" ಎಂದೆ.

ಪೆನ್ನು ನಿಲ್ಲಿಸಿದರು. ನಾನು ಎಲ್ಲ ಹೇಳಿದೆ. ಮರದ ದೋಣಿ, ಬತ್ತಿದ ಕೆರೆ, ಬೋರ್‌ವೆಲ್ಲಿನ ನೀರು, ಮೂರು ಬಿಂದಿಗೆ. ಅವರು ಅಡ್ಡ ಮಾತಾಡದೆ ಕೇಳಿದರು. ಕೇಳಿ, ಫಾರಂ ನನ್ನ ಕಡೆ ತಿರುಗಿಸಿದರು.

"ಯಜಮಾನ್ರೆ, ನೀವೇ ನೋಡಿ. ಕಾರಣ ಅಂತ ನಾಲ್ಕೇ ಕೊಟ್ಟಿದಾರೆ. ಅಪಘಾತ. ಪ್ರಕೃತಿ ವಿಕೋಪ. ಬಳಸಿ ಸವೆದದ್ದು. ನಿರ್ಲಕ್ಷ್ಯ. ನೀವು ಹೇಳಿದ್ದು ಇದರಲ್ಲಿ ಯಾವುದು?"

ನಾಲ್ಕನ್ನೂ ಎರಡೆರಡು ಸಲ ಓದಿದೆ. ನನ್ನ ಓದು ಅಲ್ಲಿಗೆ ನಿಂತಿತು.

"ಬೇಕಾದ್ರೆ ಪ್ರಕೃತಿ ವಿಕೋಪ ಅಂತ ಹಾಕ್ತೀನಿ" ಎಂದರು ಅವರು. "ಮಳೆ ಜಾಸ್ತಿ ಆಯ್ತು ಅಂತ. ಇವರ ಹೆಸರಿಗೆ ಕಪ್ಪು ಚುಕ್ಕೆ ಇರಲ್ಲ."

ರಾಮಾಂಜಿನಯ್ಯ ಮುಂದೆ ಬಂದ. "ಮಳೆ ಮೇಲೆ ಬರೀಬ್ಯಾಡಿ ಸ್ವಾಮಿ. ಟಾರ್ಪಾಲ್ ಹಾಕಿದ್ದೆ, ಮಳೆ ಒಂದ್ ಹನಿ ಒಳಗೆ ಬಿದ್ದಿಲ್ಲ. ಗಂಗಮ್ಮನ ಮೇಲೆ ತಪ್ಪು ಹೊರಿಸ್ದಂಗಾಯ್ತದೆ." ಆಮೇಲೆ ನನ್ನ ಕಡೆ ತಿರುಗಿ, "ಅದೇನೋ ಅಂದ್ಯಲ್ಲ, ನಿರ್ಲಕ್ಷ್ಯ. ಹಂಗಂದ್ರೇನು?" ಎಂದು ಕೇಳಿದ.

"ನೋಡ್ಕೊಳ್ದೆ ಬಿಟ್ಟುಬಿಡೋದು" ಎಂದೆ.

ಅವನು ಬೋಟನ್ನು ನೋಡಿದ. "ನೋಡ್ಕೊಂಡು ನೋಡ್ಕೊಂಡೇ ಕೊಂದೆ ಅಂತ ಬರೆಯೋಕೆ ಜಾಗ ಇಲ್ವಾ?"

"ಇಲ್ಲ ಕಣಪ್ಪ."

"ಹಂಗಾದ್ರೆ ಅದನ್ನೇ ಹಾಕ್ಲಿ ಬುಡು."

ಇಂಜಿನಿಯರು ಗುರುತು ಹಾಕಿದರು. ಕೆಳಗೆ ಹೆಬ್ಬೆಟ್ಟು ಒತ್ತಬೇಕಿತ್ತು. ಮಸಿ ಹಚ್ಚಿದರೂ ಗೆರೆ ಮೂಡಲಿಲ್ಲ. ಅಷ್ಟು ವರ್ಷ ಹುಟ್ಟು ಹಿಡಿದ ಕೈ, ಗೆರೆ ಎಲ್ಲಿ ಉಳಿದಿರುತ್ತದೆ. ಮೂರು ಸಲ ಒತ್ತಿಸಿಕೊಂಡು, ಕೊನೆಗೆ ಕಪ್ಪನೆಯ ಒಂದು ಮುದ್ದೆಯನ್ನೇ ಸಾಕೆಂದುಕೊಂಡು ಹೋದರು.

ಜೀಪು ಹೋದ ಮೇಲೆ ರಾಮಾಂಜಿನಯ್ಯ ಹೆಗಲ ಮೇಲಿನ ಟವಲಿನಲ್ಲಿ ಹೆಬ್ಬೆರಳು ಒರೆಸಿಕೊಂಡ. "ಪಾಳ್ಯದವ್ರಿಗೆ ಹೇಳ್ಬೇಕು" ಎಂದ. "ನಾಳೆ ಬೆಳಗ್ಗೇನೂ ಹಾಲು ಹೊತ್ಕೊಂಡು ದಡಕ್ಕೆ ಬಂದು ನಿಂತ್ಕೊಂಡ್ಬುಡ್ತಾರೆ."

"ಕರಿಬಸಮ್ಮನ ಹತ್ರ ಫೋನೈತೆ. ಮಾಡ್ತೀನಿ ತಾಳು."

"ಬ್ಯಾಡ. ನಾನ್ ಮಾಡಿದ್ದು, ನಾನೇ ಹೋಗಿ ಬಾಯಲ್ಲಿ ಹೇಳ್ಬೇಕು." ಎದ್ದು ನಾಲ್ಕು ಹೆಜ್ಜೆ ನೀರಿನ ಕಡೆ ಹೋದವನು ನಿಂತ. ತಿರುಗಿ ಬಂದ. "ಅಣ್ಣ, ರಸ್ತೆ ಮೇಲೆ ಅಲ್ಲಿಗೆ ಹೆಂಗೆ ಹೋಗ್ತಾರೆ? ನಂಗೆ ದಾರಿ ಗೊತ್ತಿಲ್ಲ."

ನಾನು ಹುಡುಗಾಟವೆಂದುಕೊಂಡೆ. ಹುಡುಗಾಟವಾಗಿರಲಿಲ್ಲ. ನೀರಿದ್ದಾಗ ದೋಣಿಯಲ್ಲಿ ಹೋಗಿದ್ದ, ಬತ್ತಿದಾಗ ಕೆರೆ ಅಂಗಳದಲ್ಲಿ ನಡೆದಿದ್ದ. ದಿಣ್ಣೆಪಾಳ್ಯಕ್ಕೆ ಹಿಂದಿನಿಂದ ಒಂದು ರಸ್ತೆ ಸೇರುತ್ತದೆ ಎಂಬುದನ್ನು ಅವನು ಕಂಡವನೇ ಅಲ್ಲ.

ನಾನೂ ಆ ಕಡೆ ಹೋಗಿ ಇಪ್ಪತ್ತು ವರ್ಷವಾಗಿತ್ತು. ಅವನೊಬ್ಬನನ್ನೇ ಬಿಡಬಾರದೆಂದು ಜೊತೆಗೆ ಹೊರಟೆ. ಏರಿಯ ತುದಿಯ ತನಕ ದಾರಿ ಸಲೀಸು. ಕೋಡಿ ದಾಟಿದ ಮೇಲೆ ನೀಲಗಿರಿ ತೋಪು, ಅದರಾಚೆ ದಾರಿ ಮೂರಾಗಿ ಒಡೆಯುತ್ತದೆ. ಜುಮುರು ಮತ್ತೆ ಶುರುವಾಗಿತ್ತು. ನನ್ನ ಮಂಡಿ ನೋಯುತ್ತಿತ್ತು, ಅವನು ನನಗಿಂತ ಹತ್ತು ಹೆಜ್ಜೆ ಮುಂದಿದ್ದ. ಮೂರು ದಾರಿ ಕೂಡುವಲ್ಲಿ ಒಬ್ಬ ಮುದುಕಿ ತಲೆ ಮೇಲೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಮೇಕೆ ಮೇಯಿಸುತ್ತಿದ್ದಳು. ಬೇರೆ ಊರಿನವಳು, ಅವನ ಗುರುತು ಅವಳಿಗಿಲ್ಲ.

"ದಿಣ್ಣೆಪಾಳ್ಯಕ್ಕೆ ಯಾವ ದಾರಿಯವ್ವ?" ಎಂದು ಅವನು ಕೇಳಿದ.

ಅವಳು ಅವನನ್ನೂ ನನ್ನನ್ನೂ ಮೇಲಿಂದ ಕೆಳಗೆ ನೋಡಿದಳು. ನಮ್ಮ ವಯಸ್ಸಿಗೆ ಮರುಗಿರಬೇಕು.

"ಇಷ್ಟ್ ದೂರ ಯಾಕ್ ಸುತ್ತೀರಾ, ಈ ಮಳೇಲಿ?" ಎಂದಳು. "ವಾಪಸ್ ಹೋಗಿ. ಕೆರೆ ಹತ್ರ ಒಬ್ಬ ದೋಣಿಯವ್ನವ್ನೆ, ಒಂದ್ ಗಳಿಗೇಲಿ ದಾಟಿಸ್ತಾನೆ."

ರಾಮಾಂಜಿನಯ್ಯ ಹೂಂ ಎಂದ. ನಡುವಿನ ದಾರಿ ಹಿಡಿದು ನಡೆದ. ಅದು ಸರಿಯಾದ ದಾರಿಯೋ ಅಲ್ಲವೋ ನನಗೂ ಗೊತ್ತಿರಲಿಲ್ಲ, ಆದರೂ ಹಿಂದೆ ಹೋದೆ.